ಯಾವ ತಪ್ಪಿಗೆ ಈ ಕಾಯಿಲೆ?

ತಂಗಿಯ ಮಗಳ ಎಡಗೈಯಲ್ಲಿ ನಾಡಿ ಸಿಗುವುದಿಲ್ಲ. ಬಿಪಿ ನೋಡಿದರೆ ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಬಟ್ಟೆ ಹಿಂಡುವಾಗ, ತಲೆ ಬಾಚುವಾಗ ಆ ಕೈ ಬೇಗ ಸೋಲುತ್ತದೆ. ಮಣಿಪಾಲದ ವೈದ್ಯರು ತಕಯಾಸು ಆರ್ಟರೈಟಿಸ್ ಎಂದರು. ಎಲ್ಲೂರಿನ ಮನೆಯಲ್ಲಿ ಪ್ರಶ್ನೆ ಇಟ್ಟಾಗ ನಾಗದೋಷ ಕಂಡುಬಂತು. ಆಶ್ಲೇಷಾ ಬಲಿ ಮಾಡಿಸಿದೆವು. ಅದರ ಬಗ್ಗೆ ನನಗೆ ಬೇಸರವಿಲ್ಲ. ಊಟಕ್ಕೆ ಕೂತ ನೆಂಟರೊಬ್ಬರು "ಹಿಂದಿನ ಜನ್ಮದ್ದು, ಅನುಭವಿಸದೆ ವಿಧಿಯಿಲ್ಲ" ಎಂದರಲ್ಲ, ಅದು ಚುಚ್ಚಿತು. 22ರ ಹುಡುಗಿ ಎಲೆಯ ಮುಂದೆ ತಲೆ ತಗ್ಗಿಸಿದಳು. ರಾತ್ರಿ ನನ್ನ ಹತ್ತಿರ ಬಂದು, "ದೊಡ್ಡಮ್ಮ, ನಾನು ಅಂಥದ್ದೇನು ಮಾಡಿದ್ದೆ?" ಎಂದು ಕೇಳಿದಳು.

ವೈದ್ಯಶಾಸ್ತ್ರಕ್ಕೆ ತಿಳಿದಿರುವುದು ಇಷ್ಟು. ಮೈ ಕಾಯಬೇಕಾದ ರಕ್ತಕಣಗಳೇ ಮಹಾಧಮನಿ ಮತ್ತದರ ಕವಲುಗಳ ಗೋಡೆಯೊಳಗೆ ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಗೋಡೆ ದಪ್ಪವಾಗಿ ರಕ್ತ ಹರಿಯುವ ದಾರಿ ಕಿರಿದಾಗುತ್ತದೆ. ಹೆಚ್ಚಾಗಿ ಬರುವುದು 40ರೊಳಗಿನ ಹೆಂಗಸರಿಗೆ. ಎಚ್‌ಎಲ್‌ಎ-ಬಿ52 ಎಂಬ ವಂಶವಾಹಿ ಇದ್ದವರಲ್ಲಿ ಸಾಧ್ಯತೆ ಜಾಸ್ತಿ. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಇದನ್ನು ವರದಿ ಮಾಡಿದ್ದರೂ ಮೂಲಕಾರಣ ಇಂದಿಗೂ ತಿಳಿದಿಲ್ಲ. ಆದರೂ ತಜ್ಞರು ಕೈಕಟ್ಟಿ ಕೂರಲಿಲ್ಲ. 1994ರ ಚಾಪೆಲ್ ಹಿಲ್ ಒಮ್ಮತ, 2012ರ ಅದರ ಪರಿಷ್ಕರಣೆ ಇಂಥ ಉರಿಯೂತಗಳನ್ನು ಮುಖ್ಯವಾಗಿ ನಾಳದ ಗಾತ್ರ ನೋಡಿ ವಿಂಗಡಿಸಿದವು: ದೊಡ್ಡ ನಾಳಕ್ಕೆ ತಕಯಾಸು, ಮಧ್ಯಮಕ್ಕೆ ಕವಾಸಾಕಿ, ಸಣ್ಣದಕ್ಕೆ ಆಂಕಾ ಎಂಬ ಪ್ರತಿಕಾಯಕ್ಕೆ ಸಂಬಂಧಿಸಿದ ಗುಂಪಿನವು. ಆ ವಿಂಗಡಣೆಯಲ್ಲಿ ರೋಗಿಯ ತಪ್ಪು ಹುಡುಕುವ ಮಾತೇ ಇಲ್ಲ.

ನಾವು ಮಾಧ್ವರು. ಕರ್ಮವನ್ನು ಮನಸಾರೆ ನಂಬುತ್ತೇನೆ. ಆದರೆ ಇಲ್ಲೇ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಜೀವ ಅನಾದಿ, ಅದರ ಕರ್ಮವೂ ಅನಾದಿ. ಮೊದಲೇ ಇಲ್ಲದ್ದರಲ್ಲಿ ಇಂಥ ತಪ್ಪಿಗೆ ಇಂಥ ಧಮನಿ ಎಂದು ಬೆರಳಿಟ್ಟು ತೋರಿಸುವುದು ಯಾರಿಂದಾದೀತು? ಹರಿ ಸರ್ವಜ್ಞ, ಜೀವ ಅಲ್ಪಜ್ಞ ಎಂದು ಒಪ್ಪಿದವರು ಅವನ ಪರವಾಗಿ ಊಟದ ಪಂಕ್ತಿಯಲ್ಲಿ ತೀರ್ಪು ಕೊಡಬಾರದು. ಅದು ಭಕ್ತಿಯಲ್ಲ, ಅಹಂಕಾರ. ನನ್ನ ನಡತೆ ತಿದ್ದಿಕೊಳ್ಳುವುದಕ್ಕೇ ಕರ್ಮದ ವಿಚಾರ ನನಗೆ ಆಯುಷ್ಯವಿಡೀ ಕೆಲಸ ಕೊಟ್ಟಿದೆ.

"ನಿನ್ನ ತಪ್ಪೇನೂ ಇಲ್ಲ ಮಗಳೇ" ಎಂದೆ. ತಿಂಡಿಯಾದ ಮೇಲೆ ಪ್ರೆಡ್ನಿಸೊಲೋನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಪ್ಪದೆ ನಡೆದಿದೆ. ಎಲ್ಲೂರಿನ ವಿಶ್ವೇಶ್ವರನಿಗೆ ಸೀಯಾಳ ಅಭಿಷೇಕ ಮಾಡಿಸುವುದನ್ನು ತಂಗಿ ಬಿಟ್ಟಿಲ್ಲ, ಬಿಡುವುದೂ ಬೇಡ. ಆದರೆ ಸಂಕಲ್ಪದಲ್ಲಿ ದೋಷಪರಿಹಾರದ ಮಾತು ಬೇಡ, ಆರೋಗ್ಯವನ್ನಷ್ಟೇ ಕೇಳೋಣ ಎಂದೆ. ಭಟ್ಟರು ಒಪ್ಪಿದರು.