ಬಾಯಿಗೆ ಬಂದ ಮಾತು, ಮನಸ್ಸಿನ ಮಾತು

ಮನಸ್ಸಿನಲ್ಲಿ ಇಲ್ಲದ ಮಾತನ್ನು ಚಂದಾಗಿ ಬರೆದರೆ ಅದು ಸುಳ್ಳಾಗುತ್ತದೋ, ಬರೇ ಅಭ್ಯಾಸ ಅನ್ನಿಸಿಕೊಳ್ಳುತ್ತದೋ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ಇಟ್ಟದ್ದು ಮೊಮ್ಮಗಳ ಇಂಗ್ಲಿಷ್ ವಹಿ.

ಜತ್ತ ತಾಲೂಕಿನ ನಮ್ಮ ಪೂರ್ವ ಭಾಗದ ಹಳ್ಳಿಗಳಲ್ಲಿ ಮಕ್ಕಳು ಕನ್ನಡ ಸಾಲಿಗೆ ಹೋಗುತ್ತಾರೆ, ಕಚೇರಿ ಕೆಲಸಕ್ಕೆ ಮರಾಠಿ ಕಲಿಯುತ್ತಾರೆ, ಮುಂದಿನ ನೌಕರಿಗೆ ಇಂಗ್ಲಿಷ್ ಕಲಿಯುತ್ತಾರೆ. ಮೊಮ್ಮಗಳು ಈಗ ಒಂಬತ್ತನೆಯ ಇಯತ್ತೆ. ‘ಹಳ್ಳಿಯ ಜೀವನ ಮೇಲೋ, ಪಟ್ಟಣದ ಜೀವನ ಮೇಲೋ? ನಿಮ್ಮ ಅಭಿಪ್ರಾಯ ಬರೆಯಿರಿ’ ಅಂತ ಗುರುಗಳು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯಲು ಕೊಟ್ಟಿದ್ದರು. ಅದಕ್ಕೊಂದು ಕಟ್ಟು ಐತಂತ. ಮೊದಲನೆಯ ವಾಕ್ಯದಲ್ಲಿ ನನ್ನ ಮತ ಇದು ಅನ್ನಬೇಕು. ಆಮೇಲೆ ಎರಡು ಮೂರು ಕಾರಣ, ಕಾರಣಕ್ಕೊಂದು ಉದಾಹರಣೆ. ಎದುರಿನವರು ಏನು ಅಂತಾರೆ ಅನ್ನೂದನ್ನ ಹೇಳಿ, ಅದಕ್ಕೆ ಉತ್ತರ. ಕೊನೆಗೆ ಮೊದಲಿನ ಮಾತನ್ನೇ ಬೇರೆ ಶಬ್ದದಲ್ಲಿ ಹೇಳಿ ಮುಗಿಸಬೇಕು.

“ಇದು ನಮ್ಮ ಹರದೇಶಿ-ನಾಗೇಶಿ ಅಲ್ಲೇನವ್ವಾ!” ಅಂದೆ. ನಕ್ಕಳು. ಬರೆದದ್ದನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದಳು. ಹಳ್ಳಿಯ ಜೀವನವೇ ಮೇಲು, ಇಲ್ಲಿ ಶುದ್ಧ ಗಾಳಿ ಐತಿ, ಹಕ್ಕಿ ಹಾಡತಾವ, ಎಲ್ಲಿ ನೋಡಿದರೂ ಹಸಿರು.

“ಎಲ್ಲಿ ಐತವ್ವಾ ಹಸಿರು? ಖರೇ ಹೇಳು, ನಿನಗ ಹಂಗ ಅನಸ್ತದೇನು?”

“ಇಲ್ಲ ಮುತ್ಯಾ. ಆದ್ರ ಹಕ್ಕಿಗೆ, ಗಾಳಿಗೆ ಇಂಗ್ಲಿಷ್ ಶಬ್ದ ಪುಸ್ತಕದಾಗ ಸಿಗತಾವ. ನನಗ ಅನಸೂದಕ್ಕ ಸಿಗೂದಿಲ್ಲ.”

ಈ ಮಾತು ನನಗೆ ನಾಟಿತು. ನನ್ನ ಗತಿಯೂ ಅದೇ ಅಲ್ಲವೇ! ಕಚೇರಿಯಲ್ಲಿ ಮರಾಠಿ ಮಾತಾಡುವಾಗ ಹೇಳಬೇಕಾದದ್ದನ್ನು ಬಿಟ್ಟು, ಹೇಳಲಿಕ್ಕೆ ಬರುವುದನ್ನು ಹೇಳಿ ಬಂದಿರುತ್ತೇನೆ. ದಾರಿಯಲ್ಲಿ ನೆನಪಾಗುತ್ತದೆ, ಮನಸ್ಸಿನ ಮಾತು ಮನಸ್ಸಿನಲ್ಲೇ ಉಳೀತು ಅಂತ. ಪರಭಾಷೆ ಕಲಿಯುವವನು ಬೇಕಂತ ಸುಳ್ಳು ಹೇಳುವುದಿಲ್ಲ. ಕೈಗೆ ಸಿಕ್ಕ ಶಬ್ದವೇ ಅವನ ಅಭಿಪ್ರಾಯ ಆಗಿಬಿಡುತ್ತದೆ.

ಹಂಗಾದರೆ ಮನಸ್ಸಿನಲ್ಲಿ ಇಲ್ಲದ ಪಕ್ಷ ಹಿಡಿದು ವಾದ ಮಾಡುವುದೇ ತಪ್ಪೇನು? ತಪ್ಪು ಅಂದರೆ ಮೊದಲನೆಯ ತಪ್ಪುಗಾರ ನಾನೇ. ಹರದೇಶಿಯವರು ಗಂಡು ಹೆಚ್ಚು ಅಂತ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಸವಾಲು ಜವಾಬು ಹಾಡುವುದು ನಿಮಗೆಲ್ಲ ಗೊತ್ತು. ನಾನು ದಪ್ಪು ಹಿಡಿದ ದಿವಸದಿಂದ ಹರದೇಶಿ. ಒಂದು ಜಾತ್ರೆಯಲ್ಲಿ ಬೀಜ ಹೆಚ್ಚೋ ಭೂಮಿ ಹೆಚ್ಚೋ ಅನ್ನುವ ಸವಾಲು ಬಂತು. ಬೀಜ ಗಂಡಸಿನದು, ಬೀಜ ಬೀಳದ ಭೂಮಿ ಬರೇ ಮಣ್ಣು ಅಂತ ರಾತ್ರಿಯೆಲ್ಲ ಹಾಡಿದೆ. ಜನ ಶಿಳ್ಳೆ ಹೊಡೆದರು.

ಬೆಳಿಗ್ಗೆ ಮನೆಗೆ ಬಂದಾಗ ಹೆಂಡತಿ ಕೇಳಿದಳು, “ರಾತ್ರಿ ಹಾಡಿದ್ದು ಖರೇನ್ರೀ?”

“ಅದು ಹಾಡು. ಪಕ್ಷ ಹಿಡಿದು ಹಾಡಬೇಕು.”

“ಇರಲಿ. ಬೀಜ ಗಂಡಸಿಂದು ಅಂದ್ರಿ. ಜ್ವಾಳದ ತೆನಿ ಆರಿಸಿ, ಬೂದಿ ಕಲಸಿ, ಗಡಿಗ್ಯಾಗ ಹಾಕಿ ಮುಂದಿನ ಬಿತ್ತಿಗೀ ತನಕ ಹುಳಾ ಹತ್ತದಂಗ ಕಾಯ್ದಾಕಿ ಯಾರು?”

ನನ್ನ ಹತ್ತಿರ ಜವಾಬು ಇರಲಿಲ್ಲ. ಆವತ್ತು ಎದುರಿನ ಮೇಳಕ್ಕೂ ಆ ಮಾತು ಹೊಳೆದಿರಲಿಲ್ಲ.

ಆಮೇಲೆ ನಾನು ಹರದೇಶಿ ಬಿಡಲಿಲ್ಲ. ಆದರೆ ಒಂದು ತಿಳಿಯಿತು. ಹಾಡಿನ ಕಟ್ಟೆಯ ಮೇಲೆ ಪಕ್ಷ ಹಿಡಿಯುವುದು ಮೋಸ ಅಲ್ಲ, ಯಾಕಂದರೆ ಎದುರಿಗೆ ನಾಗೇಶಿ ಕೂತಿರುತ್ತಾಳೆ. ನಾನು ಅತಿ ಮಾಡಿದರೆ ಅವಳು ಇಳಿಸುತ್ತಾಳೆ. ಜನ ಎರಡೂ ಕೇಳಿ ತೂಗುತ್ತಾರೆ. ಕಾಗದದ ಮೇಲೆ ಹಂಗಲ್ಲ, ಬರೆಯುವವ ಒಬ್ಬನೇ ಇರುತ್ತಾನೆ. ಅದಕ್ಕೇ ಗುರುಗಳು ‘ಎದುರಿನವರ ಮಾತು ಹೇಳಿ ಉತ್ತರ ಕೊಡು’ ಅಂದಿರಬೇಕು. ಆ ಒಂದು ವಾಕ್ಯ ಬರೇ ಗುಣಕ್ಕಾಗಿ ಅಲ್ಲ, ಅದು ನ್ಯಾಯ. ಎದುರಿನವರ ಮಾತನ್ನು ಸೊಟ್ಟ ಮಾಡಿ ಬರೆದು ಗೆದ್ದರೆ, ಕೈ ಕಟ್ಟಿದವನ ಜೋಡಿ ಕುಸ್ತಿ ಆಡಿದಂಗ.

ಇನ್ನೊಂದು ಮಾತು. ‘ಈ ಪಕ್ಷ ಹಿಡಿದು ವಾದ ಮಾಡು’ ಅಂದರೆ ಅದು ಆಟ, ಎರಡೂ ಕಡೆ ಆಡಬಹುದು. ‘ನನ್ನ ಅಭಿಪ್ರಾಯ’ ಅಂತ ಬರೆದರೆ ಆಟ ಮುಗೀತು. ಆ ಶಬ್ದ ಆಣೆ ಇದ್ದಂಗ. ಯಾವ ಭಾಷೆಯಲ್ಲಿ ಬರೆದರೂ ಆಣೆ ಆಣೆಯೇ.

“ಮೊದಲು ಕನ್ನಡದಾಗ ನನಗ ಹೇಳು. ಆಮ್ಯಾಲ ಬರಿಯಕಿ,” ಅಂದೆ ಮೊಮ್ಮಗಳಿಗೆ.

ಹೇಳಿದಳು. ಬ್ಯಾಸಗಿಯಾಗ ಬೋರು ಬತ್ತತಾವ, ಟ್ಯಾಂಕರ್ ಬಂತಂದ್ರ ಪುಸ್ತಕ ಬಿಟ್ಟು ಕೊಡ ಹಿಡಕೊಂಡು ಓಡಬೇಕು. ಕಾಲೇಜಿಗೆ ಹೋಗಬೇಕಂದ್ರ ಹೊತ್ತಿಗೆ ಬಸ್ ಇಲ್ಲ. ಕರೆಂಟ್ ರಾತ್ರಿ ಬರತದ, ಅಪ್ಪ ಮೋಟಾರ್ ಹಚ್ಚಲಿಕ್ಕೆ ಹಾವಿನ ಹೆದರಿಕ್ಯಾಗ ಹೊಲಕ್ಕ ಹೋಗತಾನ.

“ಶಬ್ದ ಇಲ್ಲಂದಿ,” ಅಂದೆ, “ಬೋರು, ಟ್ಯಾಂಕರ್, ಬಸ್, ಕರೆಂಟ್, ಮೋಟಾರ್, ಕಾಲೇಜು. ಇವು ಯಾವ ಭಾಷೆ ಅವ್ವಾ?”

ಒಂದು ಗಳಿಗೆ ಸುಮ್ಮನಾಗಿ, ಜೋರಾಗಿ ನಕ್ಕಳು. ನಮ್ಮ ತ್ರಾಸಿನ ಹೆಸರುಗಳೆಲ್ಲ ಮೊದಲೇ ಇಂಗ್ಲಿಷಿನಿಂದ ನಮ್ಮ ಮನೆಗೆ ಬಂದು ಕೂತಿವೆ.

ಹೊಸದಾಗಿ ಬರೆದಳು. ಸಣ್ಣ ಸಣ್ಣ ವಾಕ್ಯ, ಕಾರಣಕ್ಕೊಂದು ಕಣ್ಣಾರೆ ಕಂಡ ಉದಾಹರಣೆ. ಎದುರಿನ ಮಾತೂ ಇತ್ತು: ಹಳ್ಳಿಯಲ್ಲಿ ಕಷ್ಟ ಬಂದರೆ ನಾಲ್ಕು ಜನ ಬರುತ್ತಾರೆ, ಪಟ್ಟಣದಲ್ಲಿ ಯಾರು ಬರುತ್ತಾರೋ? ಅದಕ್ಕೆ ಅವಳ ಉತ್ತರ: ಬರುವ ನಾಲ್ಕು ಜನಕ್ಕೂ ನೀರು ಬೇಕು. ಕೊನೆಯ ವಾಕ್ಯ: ಅದಕ್ಕಾಗಿ ನನಗೆ ಪಟ್ಟಣದ ಜೀವನವೇ ಮೇಲು, ನಾನು ಅಲ್ಲಿಗೆ ಹೋಗುತ್ತೇನೆ.

ಅರ್ಥ ಹೇಳಿದಾಗ ನನ್ನ ಹೊಟ್ಟೆಯಲ್ಲಿ ಕಲಸಿದಂಗ ಆಯಿತು. ಹಕ್ಕಿ-ಗಾಳಿಯ ಪ್ಯಾರಾ ನನಗೆ ಹಿತವಾಗಿತ್ತು, ಅದರಲ್ಲಿ ಅವಳು ಇಲ್ಲೇ ಇರುತ್ತಿದ್ದಳು. ಖರೇ ಹೇಳು ಅಂತ ಕೇಳಿದವನು ನಾನೇ. ಕೇಳಿದ ಮೇಲೆ ತಾಳಿಕೊಳ್ಳಬೇಕು. ಅವಳ ಮತಕ್ಕೆ ನಾನು ಇನ್ನೂ ಒಪ್ಪಿಲ್ಲ. ಆದರೆ ಅದಕ್ಕೆ ಜವಾಬು ಕೊಡಬೇಕಂದರೆ ಪದ ಹಾಡಿದರೆ ಆಗದು, ನೀರು ತರಬೇಕು.

ಸಾಲಿಯ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳ ಇಂಗ್ಲಿಷ್ ತಿದ್ದಿರಿ, ಮತ ತಿದ್ದಬೇಡಿರಿ. ಮೊದಲು ಅವರು ಮನೆಯ ಮಾತಿನಲ್ಲಿ ವಿಚಾರ ಮಾಡಲಿ. ಪುಸ್ತಕದ ಹಕ್ಕಿಗಿಂತ ಅಂಗಳದ ಖಾಲಿ ಕೊಡ ದೊಡ್ಡ ಉದಾಹರಣೆ.