ಸಾಕು ಅನ್ನೋದು ಎಲ್ಲಿರತೈತಿ?

ಅಪ್ಪ ಬೈರಿಗೆ ಹಿಡಿದು ತೂತು ಕೊರೆಯುತ್ತಿದ್ದ. ನಾನು ಬ್ಯಾಟರಿ ಡ್ರಿಲ್ ಹಿಡಿಯುತ್ತೇನೆ. ಪುರ್ತಗೇರಿಯ ಒಂದು ಮನೆಯಲ್ಲಿ ಬೇವಿನ ಚೌಕಟ್ಟಿಗೆ ಬಿಜಾಗರಿ ಕೂಡಿಸುತ್ತಿದ್ದೆ. ಪೂಜೆ ಆಗಿ ಕುಂಕುಮ ಇನ್ನೂ ಹಸಿ. ಅವಸರಕ್ಕೆ ತೂತು ಹಾಕದೆ ಸ್ಕ್ರೂ ಇಟ್ಟು ಗುಂಡಿ ಒತ್ತಿದೆ. ಸ್ಕ್ರೂ ಪೂರ್ತಿ ಕೂತಮೇಲೂ ಬೆರಳು ಬಿಡಲಿಲ್ಲ. ಚಟ್ ಅಂತು. ಕೂದಲೆಳೆಯಂಥ ಬಿರುಕು ಕುಂಕುಮದ ಬೊಟ್ಟನ್ನು ಸೀಳಿಕೊಂಡು ಮೇಲಕ್ಕೆ ಹೋಯಿತು. ಮನೆಯ ಅಜ್ಜಿ ಬೈಯಲಿಲ್ಲ. ಆ ಬಿರುಕಿನ ಮೇಲೆ ಬೆರಳಾಡಿಸಿ ಸುಮ್ಮನೆ ಕೂತಳು.

12ನೇ ಶತಮಾನದ ಶರಣ ಬಾಚಿ ಕಾಯಕದ ಬಸವಯ್ಯ ನಮ್ಮ ಬಡಗಿ ಕಸುಬಿನವ, ಹತಾರವನ್ನೇ ಹೆಸರಿಗೆ ಕಟ್ಟಿಕೊಂಡವ. ಆದರೆ ಆ ರಾತ್ರಿ ನನಗೆ ನೆನಪಾದದ್ದು ಅದೇ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವಳು. ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವ. ಒಂದು ದಿನ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ಸು ಕಳಿಸಿದಳಂತೆ. ತೂಕ ಮಾಡಿ ಹೇಳಿದ್ದಲ್ಲ, ಕಂಡ ಕೂಡಲೇ ಅವಳಿಗೆ ತಿಳಿದಿತ್ತು.

ನನ್ನ ಡ್ರಿಲ್ಲಿನ ಮೂತಿಗೂ ಅಂಕಿ ಬರೆದ ಒಂದು ರಿಂಗು ಇದೆ. ಇಟ್ಟ ಅಂಕಿಯಷ್ಟು ಬಿಗಿ ಬಂತೆಂದರೆ ಟರ್ರ್ ಅನ್ನುತ್ತದೆ. ಒಳಗೆ ಮೋಟಾರು ತಿರುಗುತ್ತಿದ್ದರೂ ಸ್ಕ್ರೂ ನಿಲ್ಲುತ್ತದೆ. ಸಾಕು ಅಂತ ಯಂತ್ರವೇ ಅಂದರೆ ಆ ಸಂಯಮ ಯಾರದು? ಕಾಯಕದ ಅರ್ಧ ಪುಣ್ಯ ರಿಂಗಿಗೆ ಹೋಯಿತೇ?

ಆ ವಾರವೆಲ್ಲ ಇದು ಕಾಡಿತು. ರಿಂಗಿಗೆ ಬಿಗಿ ಗೊತ್ತು, ಮರ ಗೊತ್ತಿಲ್ಲ. ಸಾಗವಾನಿಯಲ್ಲಿ ಚಂದ ಕೂಡಿಸುವ ಅಂಕಿಯೇ ಒಣಗಿದ ಜಾಲಿಯಲ್ಲಿ ಅರ್ಧಕ್ಕೆ ನಿಂತುಬಿಡುತ್ತದೆ, ಮೆತ್ತನೆಯ ಹಲಗೆಯಲ್ಲಿ ಸ್ಕ್ರೂವಿನ ತಲೆ ಮುಳುಗಿಸುತ್ತದೆ. ಅದಕ್ಕೇ ಈಗ ಅದೇ ಮರದ ತುಂಡೊಂದರ ಮೇಲೆ ಚಿಕ್ಕ ಅಂಕಿಯಿಂದ ಒಂದೊಂದೇ ಏರಿಸಿ ನೋಡುತ್ತೇನೆ. ಗಟ್ಟಿ ಮರವಾದರೆ 4 ಮಿ.ಮೀ. ಸ್ಕ್ರೂವಿಗೆ 3ರ ತೂತು, ಎಳೆಗೆ ಒಂದಿಷ್ಟು ಮೇಣ. ಗೇರು 1ರಲ್ಲಿ. ಡ್ರಿಲ್ಲು ಸ್ಕ್ರೂವಿನ ನೇರಕ್ಕೇ ಇರಬೇಕು, ಹಿಂದಿನಿಂದ ಮೈಭಾರ ಕೊಡಬೇಕು. ಇಲ್ಲದಿದ್ದರೆ ಡ್ರಿಲ್ಲಿನ ಬಿಟ್ ಜಿಗಿದು ಸ್ಕ್ರೂವಿನ ತಲೆಯ ಪ್ಲಸ್ ಸವೆದುಹೋಗುತ್ತದೆ. ಇಷ್ಟೆಲ್ಲ ನೋಡುವವನು ನಾನೇ ತಾನೆ? ಸಾಕು ಅನ್ನುವ ಮಾತನ್ನು ರಿಂಗಿಗೆ ಕಲಿಸಿಕೊಟ್ಟವನೂ ನಾನೇ.

ಮರುವಾರ ಆ ಮನೆಗೆ ಹೋದೆ. ಬಿರುಕಿಗೆ ಅಂಟು ತುಂಬಿ, ಬಿಗಿದು, ಒಣಗಿಸಿ, ಬಿಜಾಗರಿಯನ್ನು ಎರಡು ಇಂಚು ಕೆಳಗಿಳಿಸಿ ಹೊಸ ತೂತು ಹಾಕಿದೆ. ಮೊದಲ ಎರಡು ಸ್ಕ್ರೂ ಟರ್ರ್ ಅಂದು ನಿಂತವು. ಮೂರನೆಯದಕ್ಕೆ ಸದ್ದು ಬರುವ ಮೊದಲೇ ಬೆರಳು ಗುಂಡಿ ಬಿಟ್ಟಿತ್ತು. ಅಜ್ಜಿ ಎದ್ದು ಬಂದು ಕದ ಹಾಕಿ, ತೆಗೆದು, ಮತ್ತೊಮ್ಮೆ ಹಾಕಿ ನೋಡಿದಳು.