ಪಕ್ಕದ ಮನೆಯ ಲೋಟ

ಪಕ್ಕದ ಮನೆಯಿಂದ ಸಕ್ಕರೆ ಕೈಗಡ ತಂದರೆ ಹಿಂದಿರುಗಿಸುವಾಗ ನಮ್ಮ ತಾಯಿಯದೊಂದು ಕಟ್ಟಳೆ ಇತ್ತು. ಅದನ್ನು ಅವರ ಲೋಟದಲ್ಲೇ ಅಳೆದು ಕೊಡಬೇಕು. ನಮ್ಮ ಮನೆಯ ಲೋಟ ಕುಳ್ಳು, ಅವರದು ತುಸು ಎತ್ತರ. "ಮೊದಲು ಹೋಗಿ ಅವರ ಲೋಟ ಇಸ್ಕೊಂಡು ಬಾ" ಎಂದು ನನ್ನನ್ನು ಬರಿಗೈಯಲ್ಲಿ ಅಟ್ಟುತ್ತಿದ್ದರು. ಒಂದು ಲೋಟ ಸಕ್ಕರೆಗೆ ಎರಡು ಸಲ ಮೆಟ್ಟಿಲು ಹತ್ತಿಳಿಯುವುದು ಆಗ ನನಗೆ ದಂಡದ ಕೆಲಸ ಅನ್ನಿಸುತ್ತಿತ್ತು. ಗೋಡೆ ಹಂಚಿಕೊಂಡ ಎರಡು ಮನೆಗಳಿಗೆ ಈ ಏರ್ಪಾಡು ಸಾಕು. ಆದರೆ ಗುರುತು ಪರಿಚಯವಿಲ್ಲದವರ ಜೊತೆ ವ್ಯಾಪಾರ ಮಾಡುವಾಗ ಯಾರ ಲೋಟವನ್ನು ನಂಬುವುದು? ನಮ್ಮ ಅಜ್ಜಂದಿರ ಪಾವು, ಸೇರು, ಕೊಳಗಗಳೂ ಎಲ್ಲ ಕಡೆ ಒಂದೇ ಇರಲಿಲ್ಲ. ಊರು ದಾಟಿದರೆ ಸೇರಿನ ಹೊಟ್ಟೆಯೂ ಬದಲಾಗುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದ ಮೇಲೆ, 1958ರ ಅಕ್ಟೋಬರ್‌ನಿಂದ ಒಂದೊಂದಾಗಿ ಅವೆಲ್ಲ ಕಿಲೋಗ್ರಾಮಿಗೆ ಜಾಗ ಬಿಟ್ಟವು.

ದೇಶಕ್ಕೆಲ್ಲ ಒಂದೇ ಲೋಟ ಎಂದಾದಾಗ ಅದನ್ನು ಜೋಪಾನ ಮಾಡುವ ಮನೆಯೂ ಬೇಕಲ್ಲ. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಆ ಮನೆ. ಸ್ವಾತಂತ್ರ್ಯ ಬರುವುದಕ್ಕೂ ಮುಂಚೆ, 1947ರ ಜನವರಿ 4ರಂದು ನೆಹರೂ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಸಿ.ವಿ. ರಾಮನ್ ಅವರ ಒಡನಾಡಿ ಕೆ.ಎಸ್. ಕೃಷ್ಣನ್ ಮೊದಲ ನಿರ್ದೇಶಕರು. ದೇಶದ ಗಡಿಯಾರಗಳು ನೆಚ್ಚುವ ಭಾರತೀಯ ಕಾಲಮಾನವನ್ನು ಕಾಯುವವರು ಇಲ್ಲಿನವರೇ. ಮತ ಹಾಕಿದಾಗ ಬೆರಳಿಗೆ ಬಳಿಯುತ್ತಾರಲ್ಲ, ಮೈಸೂರಿನಲ್ಲಿ ತಯಾರಾಗುವ ಆ ಅಳಿಸದ ಶಾಯಿಯ ಹದ ಕಂಡುಹಿಡಿದವರೂ ಇವರೇ. ಇಲ್ಲಿನ ದೊಡ್ಡ ಆಸ್ತಿ ಮಾತ್ರ ಪುಟ್ಟದು. ನೂರರಲ್ಲಿ ತೊಂಬತ್ತು ಪಾಲು ಪ್ಲಾಟಿನಂ, ಹತ್ತು ಪಾಲು ಇರಿಡಿಯಂ ಬೆರೆಸಿ ಎರಕ ಹೊಯ್ದ ಉರುಳೆ. ಎತ್ತರವೂ ಅಗಲವೂ ಸುಮಾರು 39 ಮಿಲಿಮೀಟರ್. ಮುಷ್ಟಿಯಲ್ಲಿ ಮುಚ್ಚಿಕೊಳ್ಳಬಹುದು, ಆದರೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಗುಲಿದರೂ ತೂಕ ಕೆಟ್ಟಿತು. ಅದರ ಹೆಸರು 57ನೇ ನಂಬರಿನ ಕಿಲೋಗ್ರಾಂ. ಅಲ್ಲಿಂದ ಬೆಂಗಳೂರಿನ ಪ್ರಾದೇಶಿಕ ಪ್ರಯೋಗಾಲಯಕ್ಕೆ, ಅಲ್ಲಿಂದ ರಾಜ್ಯದ ಕಾನೂನು ಮಾಪನ ಇಲಾಖೆಗೆ, ಇನ್‌ಸ್ಪೆಕ್ಟರ ಪೆಟ್ಟಿಗೆಗೆ, ಕೊನೆಗೆ ನಮ್ಮ ಬೀದಿಯ ಅಂಗಡಿಯ ತಕ್ಕಡಿಗೆ ಅಳತೆ ಇಳಿದು ಬರುತ್ತದೆ, ಗುರುಪರಂಪರೆಯ ಹಾಗೆ.

ನನಗೆ ತುಂಬ ಹಿಡಿಸುವ ಸಂಗತಿ ಬೇರೆಯದು. ಎಲ್ಲರನ್ನೂ ತೂಗುವ ಈ 57ನೇ ನಂಬರೂ ಆಗಾಗ ತನ್ನನ್ನು ತೂಗಿಸಿಕೊಳ್ಳಲು ಪ್ಯಾರಿಸ್ ಪಕ್ಕದ ಸೆವ್ರ್ ಊರಿಗೆ ಹೋಗಿ ಬರುತ್ತಿತ್ತು. ಅಲ್ಲಿದ್ದದ್ದು ಹಿರಿಯ ಕಿಲೋಗ್ರಾಂ, 1889ರಿಂದ ಜಗತ್ತಿಗೆಲ್ಲ ಅದೇ ಪ್ರಮಾಣ. ಗಾಜಿನ ಗಂಟೆಗಳ ಕೆಳಗೆ, ಮೂರು ಬೀಗದ ಕೈಗಳ ಕಾವಲಿನಲ್ಲಿ ಅದು ಕೂತಿತ್ತು. ಅದನ್ನು ತೂಗುವವರು ಯಾರು? ಒಂದು ಶತಮಾನ ಕಳೆದ ಮೇಲೆ ಅದರ ಜೊತೆಗೇ ಹುಟ್ಟಿದ ಒಡಹುಟ್ಟುಗಳ ಪಕ್ಕದಲ್ಲಿಟ್ಟು ನೋಡಿದರೆ ಸುಮಾರು 50 ಮೈಕ್ರೊಗ್ರಾಂ ವ್ಯತ್ಯಾಸ ಕಂಡಿತು. ನಾವು ಕಾಫಿಗೆ ಹಾಕಿಕೊಳ್ಳುವ ಸಕ್ಕರೆಯ ಒಂದು ಹರಳಿಗಿಂತಲೂ ಕಡಿಮೆ! ಹಿರಿಯಣ್ಣ ಸವೆದನೋ, ತಮ್ಮಂದಿರು ಮೈ ತುಂಬಿಕೊಂಡರೋ ಹೇಳುವ ಬಗೆ ಇರಲಿಲ್ಲ. ಏಕೆಂದರೆ ಹಿರಿಯ ಎಷ್ಟಿದ್ದರೂ ಶಾಸ್ತ್ರದ ಪ್ರಕಾರ ಅದು ಒಂದು ಕಿಲೋ. ಅದು ಸವೆದರೆ ಮಿಕ್ಕ ಜಗತ್ತೇ ಭಾರವಾಯಿತು ಎಂದು ಬರೆದುಕೊಳ್ಳಬೇಕು. ದೊಡ್ಡ ಮನೆಗಳಲ್ಲಿ ಯಜಮಾನರ ತಪ್ಪು ಹೀಗೇ ಉಳಿದವರ ಲೆಕ್ಕಕ್ಕೆ ಬೀಳುವುದನ್ನು ನಾವು ಕಂಡಿದ್ದೇವೆ. ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ. ವರ್ಷಗಟ್ಟಲೆ ಹೆಣಗಾಡಿ, 2018ರ ನವೆಂಬರಿನಲ್ಲಿ ವರ್ಸೈಲ್ಸ್‌ನಲ್ಲಿ ಸಭೆ ಸೇರಿ, ಆ ಲೋಹದ ಯಜಮಾನಿಕೆಯನ್ನು ಕೊನೆಗಾಣಿಸಿದರು. 2019ರ ಮೇ 20ರಿಂದ ಕಿಲೋಗ್ರಾಮಿಗೆ ಆಧಾರ ಪ್ಲಾಂಕ್ ಸ್ಥಿರಾಂಕ. ಸವೆಯದ, ಜಿಡ್ಡು ಹತ್ತದ, ಬೀಗ ಬೇಡದ ಒಂದು ಸಂಖ್ಯೆ.

ಮೊನ್ನೆ ಬೆಳಗ್ಗೆ ಬಾಗಿಲಿಗೆ ತಳ್ಳುಗಾಡಿಯ ತರಕಾರಿಯಮ್ಮ ಬಂದರು. ಅರ್ಧ ಕಿಲೋ ಹುರುಳಿಕಾಯಿ ಕೇಳಿದೆ. ತಟ್ಟೆ ಖಾಲಿ ಇದ್ದರೂ ಯಂತ್ರದ ಕೆಂಪು ಅಂಕಿ 15 ಗ್ರಾಂ ತೋರಿಸುತ್ತಿತ್ತು. ನನಗೆ ಆಫೀಸಿಗೆ ಹೊತ್ತಾಗಿತ್ತು. "ಇರ್ಲಿ ಬಿಡಮ್ಮ, ನಾಲ್ಕು ಕಾಯಿ ಹೋದ್ರೆ ಏನಂತೆ, ಹಾಕಿ" ಎಂದೆ. ಆಕೆ ನನ್ನ ಮುಖ ನೋಡಿ, "ನಿಮ್ಗೆ ನಾಲ್ಕು ಕಾಯಿ ಸ್ವಾಮಿ. ನಂಗೆ ಬೀದಿ ಪೂರ್ತಿ ಹಿಂಗೇ ತೂಗ್ಬೇಕಾಗ್ತದೆ" ಎಂದರು. ತಟ್ಟೆಯನ್ನು ಎತ್ತಿ ತಿರುವಿದರೆ ಅಡಿಗೆ ಆಲೂಗಡ್ಡೆಯ ಮಣ್ಣು ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು, ಸೆರಗಿನ ತುದಿಯಲ್ಲಿ ಒರೆಸಿ, ಮತ್ತೆ ಇಟ್ಟರು. ಅಂಕಿ ಐದಕ್ಕೆ ಬಂತು, ಎರಡಕ್ಕೆ ಬಂತು. ನಾವಿಬ್ಬರೂ ಬಗ್ಗಿ ನೋಡುತ್ತ ನಿಂತೆವು, ಅದು ಸೊನ್ನೆಗೆ ಬರಲಿ ಎಂದು.